ಸೌದೆ ಕೊಟ್ಟಿಗೆಯ ಹಲಸಿನ ಹಣ್ಣು

ಬೇಸಿಗೆ ಬಂತೆಂದರೆ ಎಲ್ಲರಿಗೂ ಮಾವು, ಹಲಸು ನೆನೆದು ಬಾಯಲ್ಲಿ ನೀರೂರುತ್ತದೆ. ನನಗೆ ಬಾಯಿ ಒಣಗುತ್ತದೆ. ಹೇಳಿದರೆ ನಗುತ್ತಾರೆ, ನಗಲಿ. ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿದ ಕೂಡಲೇ ತಿರುಗಿ ಹಿತ್ತಿಲ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸ ಈ ವಯಸ್ಸಿನಲ್ಲೂ ಹೋಗಿಲ್ಲ.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಅಪ್ಪ ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು. ಹಾಸನದ ಕಡೆಯಿಂದ ಬಂದ ನಮಗೆ ಎಸ್ಟೇಟಿನ ಅಂಚಿನಲ್ಲಿ ಹೆಂಚಿನ ಮನೆ ಕೊಟ್ಟಿದ್ದರು. ಮನೆಯ ಹಿಂದೆ ಕಾಫಿ, ಕಾಫಿಯ ಹಿಂದೆ ಕಾಡು, ನಡುವೆ ಬೇಲಿಯೆಂದು ಹೇಳಿಕೊಳ್ಳಲು ನಾಲ್ಕು ಬಿದಿರು ಗಳ.

ಕಾಫಿಗೆ ನೆರಳು ಕೊಡಲು ತೋಟದ ತುಂಬ ಹಲಸಿನ ಮರಗಳು. ಹಾಗಂತ ಹಣ್ಣು ತಿಂದು ತಿಂದು ಸಾಕಾಗಿತ್ತು ಎಂದುಕೊಳ್ಳಬೇಡಿ. ಹಣ್ಣಿನ ವಾಸನೆಗೆ ಆನೆ ಬರುತ್ತದೆ. ಆದ್ದರಿಂದ ಮನೆಗಳ ಸುತ್ತಲಿನ ಮರಗಳಲ್ಲಿ ಒಂದು ಕಾಯೂ ಹಣ್ಣಾಗಲು ಬಿಡುತ್ತಿರಲಿಲ್ಲ. ಬೇಸಿಗೆ ಶುರುವಾದ ಮೇಲೆ ವಾರಕ್ಕೊಮ್ಮೆ ಆಳುಗಳು ಮರ ಹತ್ತಿ ಎಲ್ಲವನ್ನೂ ಕಾಯಾಗಿಯೇ ಇಳಿಸುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಹಲಸೆಂದರೆ ತರಕಾರಿ. ಎಳೆಯದರ ಪಲ್ಯ, ಬಲಿತದರ ಹುಳಿ, ತೊಳೆಯ ಹಪ್ಪಳ, ಬೀಜದ ಸಾರು. ಬಾಯಿ ಕೆಟ್ಟ ದಿನ ಕಾಡುಮಾವಿನ ಗೊಜ್ಜು. ಅಜ್ಜಿಯ ಕೈಯ ಹುಳಿ ಇವತ್ತಿಗೂ ನಾಲಿಗೆಯ ಮೇಲಿದೆ, ಸುಳ್ಳೇಕೆ ಹೇಳಲಿ.

ಹಣ್ಣು ಬೇಕೆಂದವರು ತೋಟದ ಆ ತುದಿಯ ಹೊಳೆದಂಡೆಗೆ ಹೋಗಿ, ಅಲ್ಲೇ ಬಿಡಿಸಿ ತಿಂದು, ಕೈ ಬಾಯಿ ತೊಳೆದು ಬರಬೇಕು. ಒಂದು ಬೀಜವನ್ನೂ ಮನೆಗೆ ತರುವಂತಿಲ್ಲ. ಹಿಂದಿನ ವರ್ಷ ಆಳುಗಳ ಲೈನು ಮನೆಗಳ ಸಾಲಿನ ಕೊನೆಯ ಮನೆಯವರು ಈ ಕಟ್ಟಳೆ ಮೀರಿ ಒಂದು ಹಣ್ಣನ್ನು ಒಳಗಿಟ್ಟಿದ್ದರು. ಆನೆ ಗೋಡೆ ಕೆಡವಿತು. ಮಲಗಿದ್ದ ಮುದುಕಿ ಗೋಡೆಯಡಿ ಸಿಕ್ಕಿ ಸತ್ತಳು. ಅದೆಲ್ಲ ನನಗೆ ಗೊತ್ತಿತ್ತು. ಆಗ ನನಗೆ ಒಂಬತ್ತು ವರ್ಷ, ಗೊತ್ತಿಲ್ಲದ ವಯಸ್ಸೇನೂ ಅಲ್ಲ.

ಆ ಬೇಸಿಗೆ ಅವ್ವ ಏಳು ತಿಂಗಳ ಬಸುರಿ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲವಾದ್ದರಿಂದ ಅಜ್ಜಿ ಅವಳನ್ನು ಹೊಸಿಲು ದಾಟಲೂ ಬಿಡುತ್ತಿರಲಿಲ್ಲ, ಇನ್ನು ಹೊಳೆದಂಡೆಯ ಮಾತೆಲ್ಲಿ. ಅವಳಿಗೋ ಹಲಸಿನ ಹಣ್ಣಿನ ಬಯಕೆ. ಅಪ್ಪನನ್ನು ಎರಡು ಸಲ ಕೇಳಿದಳು. ಅಪ್ಪ ಮೊದಲ ಸಲ ಗದರಿದರು, ಎರಡನೆಯ ಸಲ ಕೇಳಿಸದವರಂತೆ ಎದ್ದುಹೋದರು. ಅವ್ವ ತಟ್ಟೆಯಲ್ಲಿದ್ದ ಹುಳಿಯನ್ನು ಬೆರಳಿನಲ್ಲಿ ಆಡಿಸುತ್ತ ಕೂತಿದ್ದಳು. ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂತು.

ಮರುದಿನವೇ ಕಾಫಿ ಗಿಡದ ಮರೆಯಲ್ಲಿ, ಮರದ ಬುಡಕ್ಕೇ ಅಂಟಿಕೊಂಡು ಬೆಳೆದಿದ್ದ ಒಂದು ಕಾಯಿ ಕಂಡಿತು. ಆಳುಗಳ ಕಣ್ಣು ಮರದ ಮೇಲಿತ್ತು, ಬುಡ ನೋಡಿರಲಿಲ್ಲ. ಅದನ್ನು ಕುಡುಗೋಲಿನಿಂದ ಕೊಯ್ದು ಉರುಳಿಸಿಕೊಂಡು ಬಂದು ಸೌದೆ ಕೊಟ್ಟಿಗೆಯ ಮೂಲೆಯ ಹುಲ್ಲಿನೊಳಗೆ ಹೂತಿಟ್ಟೆ. ಹಣ್ಣಾದ ದಿನವೇ ಅವ್ವನಿಗೆ ತಿನ್ನಿಸಿ, ಸಿಪ್ಪೆ ಬೀಜವನ್ನೆಲ್ಲ ಹೊಳೆಗೆ ಎಸೆದುಬಿಟ್ಟರೆ ಆನೆಗೆ ಗೊತ್ತಾಗುವುದಾದರೂ ಹೇಗೆ? ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಕೊಟ್ಟಿಗೆಯ ಒಂದು ಮಗ್ಗುಲಿಗೆ ಬಿದಿರಿನ ತಟ್ಟಿ, ಇನ್ನೊಂದು ಮಗ್ಗುಲು ಅವ್ವ ಮಲಗುವ ಕೋಣೆಯ ಗೋಡೆ. ಅದು ಹೊಳೆಯಲೇ ಇಲ್ಲ.

ಆರನೆಯ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ವಾಸನೆ ಗಪ್ಪೆಂದು ಬಡಿಯಿತು. ಆದರೂ ಒತ್ತಿದರೆ ಇನ್ನೂ ಗಟ್ಟಿ. ನಾಳೆ ಬಿಡಿಸೋಣವೆಂದು ಗೋಣಿ ಹೊದಿಸಿ ಬಂದೆ. ಆ ಹೊತ್ತಿನಿಂದಲೇ ನನಗೆ ಹೆದರಿಕೆ ಹಿಡಿಯಿತು. ಎಲೆ ಅಲುಗಿದರೂ ಕಾಡಿನ ಕಡೆ ತಿರುಗಿ ನೋಡುತ್ತಿದ್ದೆ. ಎತ್ತಿ ದೂರ ಎಸೆಯಬೇಕೆಂದು ಮಧ್ಯಾಹ್ನ ಎರಡು ಸಲ ಹೊರಟೆ. ಎರಡು ಸಲವೂ ಅಜ್ಜಿ ಹಿತ್ತಿಲಲ್ಲೇ ಹಪ್ಪಳ ಕಾಯುತ್ತ ಕೂತಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತು. ಅಪ್ಪ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅಜ್ಜಿ, ಅವ್ವ, ನಾನು ಅಡುಗೆಮನೆಯಲ್ಲಿದ್ದೆವು. ಹಿತ್ತಿಲ ಕಡೆ ಬಿದಿರು ಲಟಲಟನೆ ಮುರಿಯಿತು. ಆಮೇಲೆ ಕೊಟ್ಟಿಗೆಯ ಹಿಂದೆಯೇ ಉಸ್ಸೆಂದು ಉದ್ದನೆಯ ಉಸಿರು. ಅಜ್ಜಿ ದೀಪ ಆರಿಸಿದಳು. ಬಾಳೆಗಿಡಕ್ಕೆ ಬಂದಿರಬೇಕು, ತಿಂದುಕೊಂಡು ಹೋಗುತ್ತದೆ ಎಂದು ಪಿಸುಗುಟ್ಟಿದಳು. ಬಾಳೆಗೆ ಬಂದದ್ದಲ್ಲವೆಂದು ನನಗೆ ಗೊತ್ತಿತ್ತು. ಹೇಳದೆ ಒಲೆಯ ಪಕ್ಕಕ್ಕೆ ಸರಿದು ಕೂತೆ.

ಕೊಟ್ಟಿಗೆಯ ತಟ್ಟಿ ಕಿತ್ತುಬಂದ ಸದ್ದಾಯಿತು. ಅಜ್ಜಿ ಬಡಿಯಲೆಂದು ತಟ್ಟೆ ಎತ್ತಿಕೊಂಡಳು. ಅವ್ವ ಅವಳ ಕೈ ಹಿಡಿದಳು.

"ಬ್ಯಾಡಿ ಅತ್ತೆ. ಬೆದರಿದ್ರೆ ಗೋಡೆ ಮೇಲೇ ಬತ್ತದೆ."

ಹಾಗೆಂದವಳೇ ಅಡುಗೆಮನೆಯಿಂದ ಕೊಟ್ಟಿಗೆಗಿದ್ದ ಬಾಗಿಲಿನತ್ತ ನಡೆದಳು. ಅಜ್ಜಿ ಸೆರಗು ಹಿಡಿದು ಎಳೆದಳು, ಅವ್ವ ಬಿಡಿಸಿಕೊಂಡಳು. ತೆರೆದ ಬಾಗಿಲಿನಿಂದ ನಾನು ನೋಡಿದ್ದನ್ನು ಮರೆಯಬೇಕೆಂದರೂ ಆಗುವುದಿಲ್ಲ. ತಟ್ಟಿ ಹೋದ ಕಡೆ ಹೊರಗಿನ ಮಬ್ಬು ಬೆಳಕಿರಬೇಕಾದಲ್ಲಿ ಬೆಳಕೇ ಇಲ್ಲ, ಅಷ್ಟೂ ಆನೆ. ಅದರ ಸೊಂಡಿಲು ನೆಲದ ಮೇಲೆ ಹುಲ್ಲು ತಡಕುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಧೂಳು ಏಳುತ್ತಿತ್ತು. ಅವ್ವ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಸರಿಯುತ್ತ ಹೋದಳು. ಅಲ್ಲಿ ಇಲ್ಲಿ ಹುಡುಕಲಿಲ್ಲ. ನೇರವಾಗಿ ಆ ಮೂಲೆಗೇ ಹೋಗಿ ಕಾಲಿನಿಂದ ಗೋಣಿ ಸರಿಸಿ, ಹಣ್ಣನ್ನು ಪಾದದಲ್ಲಿ ಮೆಲ್ಲಗೆ ತಳ್ಳಿದಳು. ಅದು ಒಂದು ಉರುಳು ಉರುಳಿ ನಿಂತಿತು. ಇನ್ನೊಮ್ಮೆ ತಳ್ಳಿದಳು. ಸೊಂಡಿಲಿನ ತುದಿ ಮೊದಲು ಅವಳ ಸೀರೆಯ ಅಂಚು ಮುಟ್ಟಿತು. ಅವ್ವ ಅಲುಗಲಿಲ್ಲ. ಆಮೇಲೆ ಹಣ್ಣು ಸಿಕ್ಕಿತು.

ಹೊರಗೆ ಕಾಲಡಿ ಹಣ್ಣು ಒಡೆದ ಸದ್ದು, ಅಗಿಯುವ ಸದ್ದು. ತಿಂದು ಮುಗಿಸಿ ಅದು ಹೊರಟುಹೋಯಿತು. ಅವ್ವ ಒಳಗೆ ಬಂದು ಕೂತ ಮೇಲೆ ಅವಳ ಹಲ್ಲು ಕಟಕಟಿಸತೊಡಗಿತು. ಅಜ್ಜಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಬಹಳ ಹೊತ್ತಿನ ಮೇಲೆ, ಒದೀತಿದೆ ಎಂದು ಹೇಳಿ ಅತ್ತಳು.

ಅಪ್ಪ ಆಳುಗಳೊಂದಿಗೆ ಡಬ್ಬ ಬಡಿಯುತ್ತ ಓಡಿಬಂದರು. ಹಿತ್ತಿಲಲ್ಲಿ ಬಿದ್ದಿದ್ದ ಸಿಪ್ಪೆ ನೋಡಿ, ಒಳಗಿಟ್ಟವರು ಯಾರು ಎಂದು ಕೇಳಿದರು. ನಾನು ಅಜ್ಜಿಯ ಬೆನ್ನಿಗೆ ಮುಖ ಒತ್ತಿಕೊಂಡೆ.

"ನಾನೇ. ಬಯಕೆ ತಡೀನಿಲ್ಲ," ಎಂದಳು ಅವ್ವ.

ಬಸುರಿಯನ್ನು ಬಯ್ಯಲಾರದೆ ಅಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನಾನು ಅವ್ವನ ಹತ್ತಿರ ಸರಿದು ಅಳುತ್ತ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಎರಡು ದಿನದಿಂದ ಗೋಡೆ ಆಚೆಯಿಂದ ವಾಸನೆ ಬತ್ತಿತ್ತು ಕಣೆ," ಎಂದಳು. "ನಾನೇ ಎತ್ತಿ ಎಸೀಬೇಕಿತ್ತು. ನಾಳೆ ತಂದ್ಕೊಡ್ತೀಯ, ನಾಳೆ ತಂದ್ಕೊಡ್ತೀಯ ಅಂತ ಕಾಯ್ತಾ ಇದ್ದೆ."

ಮಳೆ ಹಿಡಿದ ಮೇಲೆ ತಮ್ಮ ಹುಟ್ಟಿದ. ಈಗ ಅವನಿಗೂ ತಲೆ ನರೆತಿದೆ. ಹಲಸಿನ ಹಣ್ಣೆಂದರೆ ಜೀವ ಬಿಡುತ್ತಾನೆ. ಪ್ರತಿ ಬೇಸಿಗೆ ಒಂದನ್ನು ಹೊತ್ತು ತಂದು ನನ್ನ ಮುಂದಿಟ್ಟು, ಅಕ್ಕ ಬಿಡಿಸಿಕೊಡು ಎನ್ನುತ್ತಾನೆ. ನಾನಿರುವುದು ಪೇಟೆಯ ನಡುವೆ, ಸುತ್ತ ಅಂಗಡಿಗಳು, ಇಲ್ಲಿಗೆ ಯಾವ ಆನೆಯೂ ಬರುವುದಿಲ್ಲ. ಆದರೂ ಎಲ್ಲ ಕಿಟಕಿ ಹಾಕಿ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಯೇ ನಾನು ಹಣ್ಣಿಗೆ ಕತ್ತಿ ಇಡುವುದು. ಸೆಖೆಗೆ ಬೆವರುತ್ತ ಅವನು ನಗುತ್ತಾನೆ. ಮೊದಲ ತೊಳೆ ತೆಗೆದಾಗ ಅವ್ವ ನೆನಪಾಗುತ್ತಾಳೆ. ಆ ವರ್ಷ ಅವಳಿಗೆ ಒಂದು ತೊಳೆಯೂ ಸಿಗಲಿಲ್ಲ.