ಬೇಡಪ್ಪ ಬೇಡ ಎಂದ ಹಗ್ಗ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಗಾಳದ ಅಂಗಡಿಯಲ್ಲಿ ಹದಿನೆಂಟು ವರ್ಷ ನಿಂತು ನಿಂತು ಆ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು. ಊರಿಗೆಲ್ಲ ಅವನು ಬೇಡಪ್ಪ. ಯಾರಾದರೂ ಹೊಸದಾಗಿ ಕಯಾಕ್ ಎಂಬ ಕಿರುದೋಣಿ ಕೊಂಡು, ಅದರಲ್ಲಿ ಕೂತು ಮೀನು ಹಿಡಿಯುವ ಹುಮ್ಮಸ್ಸಿನಲ್ಲಿ ಬಂದು, ಗೋಡೆಗೆ ತೂಗುಹಾಕಿದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಂಡರೆ, ಇವನು ಒಂದೊಂದನ್ನೇ ಎತ್ತಿ ವಾಪಸ್ಸು ಗೂಟಕ್ಕೆ ಸಿಕ್ಕಿಸುತ್ತಿದ್ದ.

"ಇದು ಬೇಡಪ್ಪ. ಇದೂ ಬೇಡಪ್ಪ. ನಿನ್ನ ಸೊಂಟಕ್ಕಿಂತ ಎರಡು ಗೇಣು ಅಗಲ ಇರೋ ದೋಣಿ ಅದು, ಸಂಸಾರ ಹೂಡೋ ಜಾಗ ಅಲ್ಲ."

ಕೊನೆಗೆ ಬುಟ್ಟಿಯಲ್ಲಿ ಉಳಿಯುತ್ತಿದ್ದದ್ದು ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ಟು, ಒಂದು ಸೀಟಿ, ಮೀನಿನ ಬಾಯಿಂದ ಕೊಕ್ಕೆ ಬಿಡಿಸುವ ಇಕ್ಕಳ, ಫೋನಿಗೊಂದು ನೀರಿಳಿಯದ ಚೀಲ. ಆಮೇಲೆ, ಹುಟ್ಟನ್ನು ದೋಣಿಗೆ ಕಟ್ಟುವ ಸುರುಳಿ ಹಗ್ಗ. ಹಳೇ ಟೆಲಿಫೋನಿನ ವೈರಿನಂಥ ಆ ಹಗ್ಗವನ್ನು ಅವನೇ ಕೈಗಿಟ್ಟು ಕಳಿಸುತ್ತಿದ್ದ. "ಇದನ್ನ ಮಾತ್ರ ಬಿಡಬೇಡ. ಮೀನು ಎಳೆದಾಗ ಎರಡು ಕೈಯೂ ಗಾಳಕ್ಕೆ ಹೋಗತ್ತೆ, ಹುಟ್ಟು ತೊಡೆ ಮೇಲಿಂದ ಜಾರತ್ತೆ. ಆಮೇಲೆ ಗಾಳಿ ಹೇಳಿದ ಕಡೆ ನಿನ್ನ ಪ್ರಯಾಣ."

ಮಾಲೀಕ ಹಲ್ಲು ಕಡಿಯುತ್ತಿದ್ದ. ಆದರೆ ಒಮ್ಮೆ ಬಂದ ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡಿದ್ದ. ಬೇಡಪ್ಪ ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಮನುಷ್ಯನಿಗಿದ್ದ ಆಸ್ತಿ ಅದೊಂದೇ.

ಅಲ್ಲ, ಇನ್ನೊಂದಿತ್ತು. ಅದು ಹೆಂಡತಿಯ ಅಪ್ಪ, ಮಾವನ ಜೊತೆಗಿನ ಭಾನುವಾರ. ಲೇತ್ ಮಿಷನ್ನಿನ ಮುಂದೆ ಆಯಸ್ಸು ಸವೆಸಿ ನಿವೃತ್ತರಾದ ಮಾವನಿಗೆ ಬಲಮೊಣಕಾಲು ಮಡಚಲು ಬರುತ್ತಿರಲಿಲ್ಲ. ತೇಪೆ ಹಾಕಿದ ಬೇಡಪ್ಪನ ಕಯಾಕಿನಲ್ಲಿ ಒಬ್ಬನೇ ಕೂರಬಹುದಿತ್ತು. ಹಾಗಾಗಿ ಪ್ರತಿ ಭಾನುವಾರ ಅವನು ತನ್ನ ದೋಣಿಯನ್ನು ಕೆರೆ ದಂಡೆಯ ಶೆಡ್ಡಿನಲ್ಲೇ ಬಿಟ್ಟು, ಮಾವನ ಜೊತೆ ದಡದಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದ. ಮಾತು ಕಡಿಮೆ, ಮೀನು ಇನ್ನೂ ಕಡಿಮೆ. ವಾರವಿಡೀ ಅವನು ಕಾಯುತ್ತಿದ್ದದ್ದು ಅದಕ್ಕೇ.

ಉಳಿದದ್ದನ್ನೆಲ್ಲ ಷಡ್ಡಕ ಗೆದ್ದುಕೊಂಡಾಗಿತ್ತು. ನಾದಿನಿಯ ಗಂಡನಾಗಿ ಆ ಮನೆಗೆ ಬಂದು ನಾಲ್ಕೇ ವರ್ಷ. ಎರಡು ಕನ್ನಡಕದ ಅಂಗಡಿ, ನಗುಮುಖ, ಸಕ್ಕರೆಯಂಥ ಮಾತು. ಅತ್ತೆಗೆ ಚಿಕ್ಕಳಿಯನ ಹೆಸರು ಹೇಳದೆ ಕಾಫಿ ಇಳಿಯುತ್ತಿರಲಿಲ್ಲ. ಬೇಡಪ್ಪನ ಹೆಂಡತಿಯೇ ಒಮ್ಮೆ, "ಅವರನ್ನ ನೋಡಿ ಸ್ವಲ್ಪ ಕಲೀರಿ," ಎಂದಿದ್ದಳು. ಆ ಮಾತು ಎರಡು ವರ್ಷವಾದರೂ ಬೇಡಪ್ಪನ ಗಂಟಲಲ್ಲೇ ಇತ್ತು. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಷಡ್ಡಕ ಒಳ್ಳೆಯವನೇ. ಬೇಡಪ್ಪನಿಗೆ ತಡೆಯಲಾಗದಿದ್ದದ್ದು ಅದೇ.

ಒಂದು ಗುರುವಾರ ಷಡ್ಡಕ ಅಂಗಡಿಗೇ ಬಂದ. ಫೋನು ಮುಂದೆ ಹಿಡಿದ. ಎರಡು ಸೀಟಿನ, ಬೆನ್ನಿಗೆ ಒರಗು ಇರುವ, ಕಿತ್ತಳೆ ಬಣ್ಣದ ಹೊಸ ಕಯಾಕ್.

"ಭಾವ, ಲೈಫ್ ಜಾಕೆಟ್ಟು, ಹುಟ್ಟು ಎಲ್ಲಾ ಅದರ ಜೊತೇಲೇ ಬಂತು. ಮಿಕ್ಕಿದ್ದು ನೀವೇ ಆರಿಸಿ ಕೊಡಿ. ನನಗೇನೂ ಗೊತ್ತಾಗಲ್ಲ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಬೇಡಪ್ಪ ಮನಸ್ಸಿನಲ್ಲೇ ಅಂದುಕೊಂಡ. ಹೊಟ್ಟೆಯಲ್ಲಿ ಕಿಚ್ಚು ಬಿದ್ದು ಬುದ್ಧಿಯವರೆಗೂ ಹತ್ತಿತು. ಆ ದಿನ ಬುಟ್ಟಿಯಿಂದ ಒಂದು ಸಾಮಾನೂ ಗೂಟಕ್ಕೆ ಮರಳಲಿಲ್ಲ. ನೀರಿನಡಿಯ ಮೀನು ತೋರಿಸುವ ಪರದೆ, ಅದಕ್ಕೆ ಬ್ಯಾಟರಿ ಪೆಟ್ಟಿಗೆ, ಗಾಳದ ಕೋಲು ನಿಲ್ಲಿಸುವ ಆರು ಕೊಳವೆ, ಮೂರಂತಸ್ತಿನ ಡಬ್ಬಿ, ಕುರ್ಚಿಗೆ ಕೊಡೆ, ಲೋಟ ಸಿಕ್ಕಿಸುವ ಬಳೆ. ಎಲ್ಲಕ್ಕೂ ಬೇಡಪ್ಪ, "ಇರಲಿ, ತಗೋ," ಎಂದ. ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಎದ್ದು ನಿಂತು ನೋಡಿದ.

ಹೊರಡುವ ಮುಂಚೆ ಷಡ್ಡಕನ ಕೈ ತಾನಾಗಿ ಸುರುಳಿ ಹಗ್ಗದ ಮೇಲೆ ಹೋಯಿತು. "ಇದು ಬೇಕಾಗತ್ತಾ ಭಾವ?"

ಹುಟ್ಟು ಜಾರಲಿ, ಒಂದು ಸಲ ಪೇಚಾಡಲಿ, ನಾಲ್ಕು ಜನ ನಗಲಿ. ಬೇಡಪ್ಪನಿಗೆ ಬೇಕಿದ್ದದ್ದು ಅಷ್ಟೇ.

"ಬೇಡ," ಎಂದ.

ಷಡ್ಡಕ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ ನಗುತ್ತಾ ಹೋದ.

ಭಾನುವಾರ ಬೆಳಿಗ್ಗೆ ಬೇಡಪ್ಪ ಎಂದಿನಂತೆ ಎರಡು ಸ್ಟೂಲನ್ನು ಸ್ಕೂಟರಿಗೆ ಕಟ್ಟಿಕೊಂಡು ಮಾವನ ಮನೆಗೆ ಹೋದ. ಅತ್ತೆ ಬಾಗಿಲಲ್ಲೇ, "ಅಯ್ಯೋ, ನಿಮಗೆ ಹೇಳಿಲ್ವಾ? ಚಿಕ್ಕಳಿಯಂದ್ರು ಬಂದು ಕರ್ಕೊಂಡು ಹೋದ್ರು. ಇವರು ಕಾಲು ಚಾಚಿ ಕೂರಲಿ ಅಂತಾನೇ ಆ ದೋಣಿ ತಗೊಂಡಿದ್ದಂತೆ," ಎಂದರು.

ನಿಜ ಹೇಳಬೇಕೆಂದರೆ ಬೇಡಪ್ಪನಿಗೆ ಮೊದಲು ಆದದ್ದು ಭಯವಲ್ಲ, ಹೊಟ್ಟೆಕಿಚ್ಚೇ. ನನ್ನ ಭಾನುವಾರವನ್ನೂ ತಗೊಂಡನಲ್ಲ ಎಂದು ಕಣ್ಣಲ್ಲಿ ನೀರು ಬಂತು. ರಸ್ತೆಯ ತಿರುವಿಗೆ ಬಂದಾಗ ಹಗ್ಗ ನೆನಪಾಗಿ ಸ್ಕೂಟರನ್ನು ಕೆರೆಯತ್ತ ಓಡಿಸಿದ. ಮಾವನಿಗೆ ಈಜು ಬರುತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಷಡ್ಡಕನ ಕಾರು ನಿಂತಿತ್ತು. ಪಕ್ಕದಲ್ಲಿ ಖಾಲಿ ರಟ್ಟಿನ ಡಬ್ಬಿಗಳು, ಎಲ್ಲದರ ಮೇಲೂ ಬೇಡಪ್ಪನ ಅಂಗಡಿಯ ಚೀಟಿ. ಅವುಗಳ ಹತ್ತಿರವೇ ಹುಲ್ಲಿನ ಮೇಲೆ ಒಂದು ಹೊಸ ಹುಟ್ಟು ಬಿದ್ದಿತ್ತು. ಎರಡು ಹುಟ್ಟಿನಲ್ಲಿ ಒಂದನ್ನು ದಡದಲ್ಲೇ ಬಿಟ್ಟುಹೋಗಿದ್ದರು. ದೋಣಿಯಲ್ಲಿ ಜಾಗವಿರಲಿಲ್ಲ, ಜಾಗವನ್ನೆಲ್ಲ ಬೇಡಪ್ಪ ಮಾರಿದ ಸಾಮಾನು ತಿಂದಿತ್ತು.

ನೀರಿನ ಮೇಲೆ ಕಿತ್ತಳೆ ದೋಣಿ ಎಲ್ಲೂ ಕಾಣಲಿಲ್ಲ. ಅವನು ತನ್ನ ತೇಪೆಯ ದೋಣಿಯನ್ನು ನೀರಿಗೆ ನೂಕಿ, ಆ ಹುಟ್ಟನ್ನೂ ಹಾಕಿಕೊಂಡು, ಗಾಳಿ ಬೀಸುತ್ತಿದ್ದ ದಿಕ್ಕಿಗೆ ತೋಳು ಕಳಚುವಂತೆ ಹುಟ್ಟು ಹಾಕಿದ. ಆಚೆ ದಡದ ಹತ್ತಿರ, ಮುಳುಗಿದ ಒಣಮರಗಳ ನಡುವೆ ಕಿತ್ತಳೆ ದೋಣಿ ವಾಲಿಕೊಂಡು ಸಿಕ್ಕಿತ್ತು. ಷಡ್ಡಕ ಒಂದು ಕೊಂಬೆಯನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದ. ಮಾವನ ಮುಖ ಸುಣ್ಣದ ಹಾಗಾಗಿತ್ತು, ಸೊಂಟದವರೆಗೂ ಒದ್ದೆ.

"ನಾನು ಹೇಳ್ಲಿಲ್ವಾ ಮಾವ, ಭಾವ ಬರ್ತಾರೆ ಅಂತ," ಎಂದ ಷಡ್ಡಕ. ಅವನ ದನಿಯಲ್ಲಿ ಸಂತೋಷವಲ್ಲದೆ ಬೇರೇನೂ ಇರಲಿಲ್ಲ. "ಮೀನು ಎಳೀತು, ಕೋಲು ಹಿಡಿಯೋಕೆ ಹೋದೆ, ಹುಟ್ಟು ಹೋಗೇಬಿಡ್ತು."

ಬೇಡಪ್ಪ ತಾನು ತಂದ ಹುಟ್ಟನ್ನು ಕೊಟ್ಟು, ತನ್ನ ಹುಟ್ಟಿನ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದ. ಗಂಟು ಎರಡು ಸಲ ತಪ್ಪಿತು. ಮಾವ ಆ ಬೆರಳುಗಳನ್ನೇ ನೋಡುತ್ತಿದ್ದರು.

"ಈ ಹಗ್ಗ ಅಂಗಡೀಲಿ ಇರ್ಲಿಲ್ವಾ?" ಎಂದು ಕೇಳಿದರು.

"ಇತ್ತು ಮಾವ, ನಾನೇ ಕೇಳಿದ್ದೆ," ಎಂದ ಷಡ್ಡಕ. "ಭಾವ ಬೇಡ ಅಂದ್ರು. ಅವರು ಬೇಡ ಅಂದ ಮೇಲೆ ನಾನ್ಯಾಕೆ ತಗೊಳ್ಳಲಿ?"

ಭಾನುವಾರದ ಆ ಅಷ್ಟಿಷ್ಟು ಮಾತಿನಲ್ಲೇ ಅದೇ ಹಗ್ಗದ ಪುರಾಣವನ್ನು ವರ್ಷಗಟ್ಟಲೆ ಕೇಳಿದವರು ಮಾವ. ಅವರು ದೊಡ್ಡಳಿಯನ ಮುಖವನ್ನು ಒಮ್ಮೆ ನೋಡಿದರು. ದಡ ಮುಟ್ಟುವವರೆಗೂ ಏನನ್ನೂ ಆಡಲಿಲ್ಲ, ದಡ ಮುಟ್ಟಿದ ಮೇಲೂ ಆಡಲಿಲ್ಲ. ಬೈದಿದ್ದರೆ ಬೇಡಪ್ಪ ಕಾಲು ಹಿಡಿಯುತ್ತಿದ್ದ.

ಮಂಗಳವಾರ ಮಾವ ಕುಂಟುತ್ತಾ ಅಂಗಡಿಗೆ ಬಂದರು. ಬೇಡಪ್ಪ ಸ್ಟೂಲು ಎಳೆದು ಹಾಕಿದ. ಅವರು ಕೂರಲಿಲ್ಲ. ಗೂಟದಿಂದ ಸುರುಳಿ ಹಗ್ಗವೊಂದನ್ನು ತಾವೇ ಬಿಡಿಸಿಕೊಂಡು, ಅವನ ಕೌಂಟರು ದಾಟಿ, ಅದೇ ಅಂಗಡಿಯ ಆಚೆ ಮೂಲೆಯಲ್ಲಿ ರಬ್ಬರ್ ಬೂಟು ಮಾರುವ ಹೆಂಗಸಿನ ಹತ್ತಿರ ಹೋದರು.

"ನೋಡಮ್ಮ, ಕಯಾಕಿನಲ್ಲಿ ಮೀನು ಹಿಡಿಯೋರಿಗೆ ಇದು ಬೇಕಾಗತ್ತಾ?"

ಗಾಳದ ಬುಡ ಯಾವುದು, ತುದಿ ಯಾವುದು ಎಂದು ಆಕೆಗೆ ಗೊತ್ತಿರಲಿಲ್ಲ. ಎಲ್ಲರಂತೆ ಈಚೆ ತಿರುಗಿ, "ಅಣ್ಣಾ, ಇವರಿಗೆ ಇದು ಬೇಕಾ?" ಎಂದಳು.

"ಬೇಕು," ಎಂದ ಬೇಡಪ್ಪ.

"ಅವರನ್ನಲ್ಲಮ್ಮ," ಎಂದರು ಮಾವ, ಹಿಂದೆ ತಿರುಗದೆ. "ನಾನು ನಿನ್ನನ್ನ ಕೇಳಿದ್ದು."

ಆಕೆ ಹಗ್ಗವನ್ನು ಹಿಂದೆ ಮುಂದೆ ತಿರುಗಿಸಿ, "ತಗೊಳ್ಳಿ, ಇದ್ರೆ ಒಳ್ಳೇದು," ಎಂದಳು. ಮಾವ ತಲೆಯಾಡಿಸಿ, ಹಗ್ಗವನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡರು. ಬೂಟು ಮಾರುವ ಆ ಹೆಂಗಸನ್ನು ನೋಡಿ ಬೇಡಪ್ಪನ ಹೊಟ್ಟೆ ಉರಿಯಿತು.