ವರ್ನೀಟಾಳ ಕಿಟಕಿಯಲ್ಲಿ ಕೂಸು ನಕ್ಕ ದಿನ

ಪೇಜ್ ಊರಿನಿಂದ ಲೆಚೀ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಪ್ಲೈವುಡ್ ಶೆಡ್ಡು ಇದೆ. ಅದರ ಕಿಟಕಿಯೊಳಗೆ ಕೂತು ಟಿಕೆಟು ಕೊಡುವವಳು ವರ್ನೀಟಾ ಮೆನಿಗೋಟ್ಸ್, ನನ್ನ ಸೋದರತ್ತೆಯ ಮಗಳು. ನಾವು ನವಾಹೋ ಜನ, ಅಮೆರಿಕದ ಮೂಲನಿವಾಸಿಗಳು. ನಮ್ಮಲ್ಲಿ ಅತ್ತೆಯ ಮಕ್ಕಳು, ಮಾವನ ಮಕ್ಕಳು ಎದುರಾದಾಗ ಗೇಲಿ ಮಾಡದೆ ಸುಮ್ಮನೆ ಹೋದರೆ ಏನೋ ಮುನಿಸು ಎಂದೇ ಅರ್ಥ. ಹಾಗಾಗಿ ಅವಳ ಬಗ್ಗೆ ನಾನು ಹೇಳುವುದರಲ್ಲಿ ಸ್ವಲ್ಪ ಗೇಲಿ ಎಂದು ಕಳೆದುಬಿಡಿ. ಉಳಿದದ್ದು ನಿಜ.

ಶೆಡ್ಡಿನ ಯಜಮಾನ ಅವಳ ತಮ್ಮ ಲೀಂಡರ್. ನಾನು ಟ್ರಕ್ಕಿನವನು. ಪ್ರವಾಸಿಗರನ್ನು ಹಿಂದೆ ತುಂಬಿಕೊಂಡು ಮರಳಿನ ಹಳ್ಳದಲ್ಲಿ ಕುಲುಕಾಡಿಸುತ್ತ ಕೊರಕಲಿನ ಬಾಯಿಗೆ ಬಿಡುವುದು ನನ್ನ ಕೆಲಸ. ಕೆಂಪು ಬಂಡೆ ಉದ್ದಕ್ಕೆ ಸೀಳಿಕೊಂಡು ಆದ ಕೊರಕಲುಗಳು ನಮ್ಮ ಕಡೆ ಹಲವು. ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬೇಸಗೆಯ ನಡುಮಧ್ಯಾಹ್ನ ಮೇಲಿನ ಬಿರುಕಿನಿಂದ ಒಂದು ಬಿಸಿಲುಕೋಲು ನೆಲದವರೆಗೆ ಇಳಿಯುತ್ತದೆ. ಜಗತ್ತಿನ ಕ್ಯಾಮೆರಾದವರೆಲ್ಲ ಆ ಕೋಲಿನ ಹಿಂದೆ ಬಿದ್ದಿದ್ದಾರೆ, ನಮ್ಮ ಹೊಟ್ಟೆ ತುಂಬುವುದೂ ಅದರಿಂದಲೇ.

ಬೇರೆ ಕಿಟಕಿಗಳಲ್ಲಿ ಟಿಕೆಟು ಮಾರುತ್ತಾರೆ. ಟಿಕೆಟು ಮಾರದೆ ಕಳಿಸುವುದರಲ್ಲಿ ವರ್ನೀಟಾಳ ಕೈ ಪಳಗಿತ್ತು. ಒಮ್ಮೆ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ ಬಂದು, ಏಣಿ ಹಿಡಿದು ಇಳಿಯುವ ಕೊರಕಲೇ ಬೇಕು ಅಂದ.

"ಏಣಿ ಇಳಿಯೋದು ಸುಲಭ ಸರ್. ಹತ್ತೋದು ಯಾರು? ಸಮ ನೆಲದ್ದು ನಮ್ಮಲ್ಲಿ ಇವತ್ತು ತುಂಬಿದೆ, ಎದುರುಗಡೆ ಅಂಗಡಿಗೆ ಹೋಗಿ."

ಇನ್ನೊಬ್ಬಳು ಎರಡು ಪುಟ್ಟ ಮಕ್ಕಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫೋಟೋದವರ ತಂಡಕ್ಕೆ ಸೇರಿಸಿ ಅಂದಳು. ಆ ತಂಡವೇ ಬೇರೆ. ಕೈಯಲ್ಲಿ ದೊಡ್ಡ ಕ್ಯಾಮೆರಾ, ಅದಕ್ಕೊಂದು ಮೂರುಕಾಲಿನ ಸ್ಟ್ಯಾಂಡು ಇಲ್ಲದವರನ್ನು ಅದಕ್ಕೆ ಸೇರಿಸುವುದಿಲ್ಲ. ಒಳಗೆ ಹೋದವರು ಒಬ್ಬರಿಗೊಬ್ಬರು ಮಾತಾಡುವುದೂ ಇಲ್ಲ. "ನಿಮ್ಗೆ ಬೇಕಿರೋದು ಬಿಸಿಲುಕೋಲಲ್ಲಮ್ಮ, ನೆರಳು. ಬೆಳಗ್ಗೆ ಬನ್ನಿ, ಮಕ್ಕಳು ಮರಳಲ್ಲಿ ಆಡ್ಕೊಳ್ಲಿ" ಅಂದಳು ವರ್ನೀಟಾ. ಆ ಟಿಕೆಟು ಅರ್ಧ ಬೆಲೆಯದು.

ಲೀಂಡರ್ ತಲೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕಾ, ನೀನು ಕೂತಿರೋದು ನಮ್ಮ ಅಂಗಡೀಲೋ, ಎದುರುಗಡೆಯವರದ್ದರಲ್ಲೋ?"

"ಅವನು ಕಾಲು ಮುರ್ಕೊಂಡಿದ್ರೆ ನಿನ್ನ ಅಂಗಡೀಲೇ ಮುರ್ಕೊಂತಿದ್ದ. ಆಗ ಹೊತ್ಕೊಂಡು ಬರ್ತಿದ್ಯಾ?"

ಇಂಥವಳ ಕಿಟಕಿಯಲ್ಲಿ, ಅವಳ ಮೊಣಕೈ ಪಕ್ಕದಲ್ಲಿ, ನಮ್ಮವರು ಕೂಸನ್ನು ದಾರ ಸುತ್ತಿ ಮಲಗಿಸುವ ತೊಟ್ಟಿಲ ಹಲಗೆಗೆ ಕಟ್ಟಿದ ಒಂದು ಹೆಣ್ಣುಕೂಸು ಆ ಬೇಸಗೆಯಲ್ಲಿ ದಿನವೂ ಇರುತ್ತಿತ್ತು. ಅದು ರೇಲಿನ್‌ಳ ಮಗು. ರೇಲಿನ್ ವರ್ನೀಟಾಳ ಅಕ್ಕನ ಮಗಳು. ಆ ಅಕ್ಕ ಚಿಕ್ಕ ವಯಸ್ಸಿನಲ್ಲೇ ಹೋದಳು. ಹೋದವರ ಹೆಸರು ನಾವು ಎತ್ತುವುದಿಲ್ಲ. ನಡೆಯಲು ಕಲಿಯುತ್ತಿದ್ದ ರೇಲಿನ್‌ಳನ್ನು ಎತ್ತಿಕೊಂಡವಳು ವರ್ನೀಟಾ. ಆಮೇಲೆ ಮದುವೆಯ ಮಾತನ್ನೂ ಎತ್ತಲಿಲ್ಲ, ಸ್ವಂತ ಮಕ್ಕಳ ಮಾತನ್ನೂ ಎತ್ತಲಿಲ್ಲ. ಈಗ ರೇಲಿನ್ ದಿನಸಿ ಅಂಗಡಿಯ ಕೆಲಸಕ್ಕೆ ಹೋಗುವಾಗ ಕೂಸನ್ನು ಚಿಕ್ಕಮ್ಮನ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು.

ಕೂಸಿಗೆ ಮೂರು ತಿಂಗಳು ತುಂಬಿದರೂ ಇನ್ನೂ ನಕ್ಕಿರಲಿಲ್ಲ. ನಿದ್ದೆಯಲ್ಲಿ ತುಟಿ ಅಗಲಿಸುವುದು ಲೆಕ್ಕಕ್ಕಿಲ್ಲ, ಬಾಯಿಬಿಟ್ಟು ಸದ್ದು ಮಾಡಿ ನಗಬೇಕು. ಹಾಗೆ ನಗುವವರೆಗೆ ಕೂಸು ಇನ್ನೂ ದೇವತೆಗಳ ಪೈಕಿ, ನಕ್ಕ ಮೇಲೆ ನಮ್ಮ ಪೈಕಿ. ಮೊದಲು ನಗಿಸಿದವರು ಊರಿಗೆ ಊಟ ಹಾಕಬೇಕು. ಕೂಸಿನ ಕೈ ಹಿಡಿದು ಬಂದವರಿಗೆಲ್ಲ ಉಪ್ಪು ಕೊಡಿಸಬೇಕು. ನಗಿಸಿದವರ ಗುಣ ಕೂಸಿಗೆ ಬರುತ್ತದೆ ಎನ್ನುವುದು ನಮ್ಮ ನಂಬಿಕೆ.

ಆ ನಗು ತನ್ನದಾಗಬೇಕೆಂದು ವರ್ನೀಟಾ ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ನಮ್ಮದೋ ನಗುವ ವಂಶ. ಆದರೆ ಆ ಕೂಸಿನ ಮುಂದೆ ಬಂದಾಗ ನಾನು, ಲೀಂಡರ್, ಕಡೆಗೆ ಮಾತಿಗೊಂದು ಕೀಟಲೆ ಮಾಡುವ ಬೆಸ್ಸಿ ಅತ್ತೆ ಕೂಡ ಸಾವಿನ ಮನೆಗೆ ಬಂದವರ ಹಾಗೆ ಮುಖ ಇಳಿಬಿಡುತ್ತಿದ್ದೆವು. ಬೆಸ್ಸಿ ಅತ್ತೆ ಎಂದರೆ ವರ್ನೀಟಾಳ ತಾಯಿ. ನನಗಂತೂ ನಗು ತಡೆದು ತಡೆದು ಪಕ್ಕೆ ನೋಯುತ್ತಿತ್ತು. ಇಷ್ಟು ಮಾಡಿದರೂ ವರ್ನೀಟಾಳಿಗೆ ನಗಿಸುವ ಕೈಗುಣ ಇರಲಿಲ್ಲ. ಅವಳದು ಮೊದಲೇ ಗಂಟುಮುಖ. ಕೆನ್ನೆ ಉಬ್ಬಿಸುತ್ತಿದ್ದಳು, ಕುರಿಯ ಹಾಗೆ ಕೂಗುತ್ತಿದ್ದಳು. ಕೂಸು ಅವಳನ್ನು ನ್ಯಾಯಾಧೀಶರು ಕಳ್ಳನನ್ನು ನೋಡುವ ಹಾಗೆ ನೋಡುತ್ತಿತ್ತು.

"ಮಹಾರಾಣೀ, ಟಿಕೆಟಿನ ನಿಯಮ ಓದಿ ಹೇಳು, ಬಿದ್ದು ಬಿದ್ದು ನಗತ್ತೆ" ಅಂದೆ ಒಂದು ದಿನ.

"ನಿನ್ನ ಮುಖ ನೋಡಿ ಹೆದರಿದೆ ಕಣೋ ಅದು. ಆಚೆ ಹೋಗು."

ಇದರ ನಡುವೆ ಸ್ವೀಡನ್‌ನಿಂದ ತೋರ್ಸ್ಟೆನ್ ಎಂಬಾತ ಫೋನು ಮಾಡಲು ಶುರುಮಾಡಿದ್ದ. ಕೆಲಸದಿಂದ ನಿವೃತ್ತನಾದವನು, ಒಂಟಿ, ಒಂದೇ ಒಂದು ಬಿಸಿಲುಕೋಲಿನ ಚಿತ್ರ ತೆಗೆಯಬೇಕೆಂಬ ಆಸೆ. ಆದರೆ ಯಾವ ಕೊರಕಲು, ಯಾವ ತಂಡ ಎಂಬುದೇ ಅವನಿಗೆ ತೀರ್ಮಾನವಾಗದು. ಇವತ್ತು ಸಮ ನೆಲದ್ದು ಎಂದವನು ನಾಳೆ ಏಣಿಯದ್ದು ಎನ್ನುವನು. ಒಂದು ತಂಡದಲ್ಲಿ ಎಷ್ಟು ಜನ? ಬೇರೆಯವರ ತಲೆ ಅಡ್ಡ ಬಂದರೆ? ಕೋಲು ಕಾಣಿಸಲೆಂದು ಮರಳು ತೂರುತ್ತಾರಂತೆ, ಅದು ಲೆನ್ಸಿಗೆ ಹೋದರೆ? ಟಿಕೆಟಿನ ಹೊತ್ತು ಎಂದರೆ ಯಾವ ಊರಿನ ಗಡಿಯಾರದ್ದು?

"ಪೇಜ್ ಊರಿನ ಟೈಮು ಸರ್. ನಿಮ್ಮ ಫೋನನ್ನ ನಂಬಬೇಡಿ. ಇಲ್ಲಿ ಬೇಸಗೇಲಿ ಹಳ್ಳ ದಾಟಿದ್ರೆ ಗಡಿಯಾರ ಒಂದು ಗಂಟೆ ಬದಲಾಗತ್ತೆ, ಅದಕ್ಕೂ ತಲೆ ಕೆಟ್ಟಿರತ್ತೆ."

"ಮೋಡ ಬಂದ್ರೆ ಏನ್ಮಾಡೋದು ಮೇಡಂ?"

"ಮೋಡ ನೋಡೋದು."

ನಾನಾಗಿದ್ದರೆ ಫೋನು ಕುಕ್ಕುತ್ತಿದ್ದೆ. ಅವಳಿಗೆ ಮಾತ್ರ ಬೇಸರವಿರಲಿಲ್ಲ. "ಪಾಪ, ಅವನಿಗೆ ಕೇಳೋಕೆ ಬೇರೆ ಯಾರಿದ್ದಾರೆ" ಅನ್ನುತ್ತಿದ್ದಳು.

ಜೂನಿನಲ್ಲಿ ಆತ ಬಂದೇಬಿಟ್ಟ. ಉದ್ದನೆಯ ಆಳು, ಬಿಸಿಲಿಗೆ ಮೂಗು ಸುಟ್ಟು ಕೆಂಪಾಗಿತ್ತು. ಎರಡು ದಿನವಿದ್ದು ವಾಪಸು ಹೋಗುವವನು. ಕಿಟಕಿಯ ಮುಂದೆ ಕೂತು ಕೇಳಿದ್ದನ್ನೇ ಮತ್ತೆ ಕೇಳಿದ. ಕಡೆಗೆ ವರ್ನೀಟಾ ಅವನನ್ನು ಒಳಗೆ ಕರೆದು ಹೇಳಿದಳು.

"ಸರ್, ನಿಮಗೆ ನೂಕುನುಗ್ಗಲು ಆಗಲ್ಲ, ಏಣಿಯೂ ಬೇಡ. ನಾಳೆ ನಡುಮಧ್ಯಾಹ್ನ ನಮ್ಮ ಫೋಟೋ ತಂಡದಲ್ಲಿ ಒಂದೇ ಜಾಗ ಇದೆ. ಸಮ ನೆಲ, ನಾಲ್ಕೇ ಜನ, ಕೋಲು ಇಳಿಯೋ ಕಡೆ ನಿಮ್ಮನ್ನ ಮುಂದೆ ನಿಲ್ಲಿಸೋಕೆ ಹೇಳ್ತೀನಿ. ಇದೇ ನಿಮ್ಮದು. ಇನ್ನು ಯೋಚನೆ ಮಾಡ್ಬೇಡಿ."

"ನನ್ನ ಸ್ಟ್ಯಾಂಡು ನಡೆಯುತ್ತಾ? ತೋರಿಸಲಾ?"

ಇಷ್ಟು ನನ್ನ ಕಿವಿಗೆ ಬಿತ್ತು. ನಾನು ಶೆಡ್ಡಿನ ಹಿಂದೆ ಟ್ರಕ್ಕಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದೆ. ಒಳಗಿನಿಂದ ಲೋಹ ಜಾರಿದ ಸದ್ದು, ಏನೋ ಬಿದ್ದ ಸದ್ದು, ಆ ಸ್ವೀಡನ್ನಿನವ ತನ್ನ ಭಾಷೆಯಲ್ಲಿ ಏನೋ ಅಂದ ಸದ್ದು. ಅದರ ಬೆನ್ನಿಗೇ ಕೂಸಿನ ನಗು! ತಪ್ಪು ಕೇಳಿಸಲು ಸಾಧ್ಯವೇ ಇಲ್ಲದ, ಕೇಕೆಯಂಥ ನಗು. ನಾನು ಕಿಟಕಿಗೆ ಓಡಿದೆ. ವರ್ನೀಟಾ ಕೂಸಿನ ಎದುರಿಗೆ ಬಗ್ಗಿ ನಿಂತಿದ್ದಳು, ಕೂಸಿನ ಬಾಯಿ ಇನ್ನೂ ತೆರೆದೇ ಇತ್ತು. ನನಗೆ ಬೇರೇನೂ ಬೇಕಿರಲಿಲ್ಲ. ಫೋನು ತೆಗೆದು ಮೊದಲು ಬೆಸ್ಸಿ ಅತ್ತೆಗೆ, ಆಮೇಲೆ ರೇಲಿನ್‌ಗೆ, ಆಮೇಲೆ ಲೀಂಡರ್‌ಗೆ ಕೂಗಿ ಹೇಳಿದೆ. "ನಕ್ಕಿತು! ವರ್ನೀಟಾ ನಗಿಸಿಬಿಟ್ಟಳು!"

ಬೆಸ್ಸಿ ಅತ್ತೆ ಫೋನಿನಲ್ಲೇ ಅಳಲು ಶುರುಮಾಡಿದಳು. ಯಾವ ಕುರಿ ಕಡಿಯಬೇಕು ಎಂಬ ಮಾತೂ ಆಗಲೇ ಎದ್ದಿತು. ನಾನು ಫೋನಿಟ್ಟು ತಿರುಗಿದಾಗ ವರ್ನೀಟಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ನಾನಲ್ಲ ಕಣೋ," ಅಂದಳು. "ಅವರ ಸ್ಟ್ಯಾಂಡು. ಒಂದು ಕಾಲು ಹಿಡಿದ್ರೆ ಇನ್ನೊಂದು ಜಾರ್ತಿತ್ತು. ಅವರು ಅದರ ಜೊತೆ ಕುಣಿದ್ರು. ಕೂಸು ಅವರನ್ನ ನೋಡಿ ನಕ್ಕಿದ್ದು."

ತೋರ್ಸ್ಟೆನ್ ಮೂಲೆಯಲ್ಲಿ ಮಂಡಿಯೂರಿ ಸ್ಟ್ಯಾಂಡಿನ ತಿರುಪು ಹುಡುಕುತ್ತಿದ್ದ. ನಾವಾಡುವ ನವಾಹೋ ಮಾತು ಅವನಿಗೆ ತಿಳಿಯುತ್ತಿರಲಿಲ್ಲ.

"ನೀನೂ ಅಲ್ಲೇ ಇದ್ದೆಯಲ್ಲ," ಅಂದೆ. "ಅವನಿಗೇ ಗೊತ್ತಿಲ್ಲ. ಮನೇಲಿ ಎಲ್ಲರೂ ಕುಣೀತಿದ್ದಾರೆ. ಸುಮ್ನಿರು ಮಾರಾಯ್ತಿ, ಯಾರಿಗೆ ತಿಳಿಯತ್ತೆ?"

ನಾನು ಅದನ್ನು ಮನಸಾರೆ ಹೇಳಿದೆ, ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅವಳು ತೊಟ್ಟಿಲ ಹಲಗೆಯ ದಾರವನ್ನು ಸುಮ್ಮಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದಳು. ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಅಷ್ಟು ಬಯಸಿದ್ದನ್ನು ನಾನು ಕಂಡಿರಲಿಲ್ಲ.

"ಯಾರೋ ಗೊತ್ತಿಲ್ಲದವರು ಬಂದು ಯಾವುದು ಒಳ್ಳೇದು ಅಂತ ಕೇಳಿದ್ರೇ ನನಗೆ ಸುಳ್ಳು ಹೇಳೋಕೆ ಬರಲ್ಲ," ಅಂದಳು. "ಈ ಕೂಸಿಗೆ ಹೇಳ್ಲಾ? ಫೋನು ಕೊಡು."

ಅವಳೇ ಒಬ್ಬೊಬ್ಬರಿಗೂ ಫೋನು ಮಾಡಿ ತಿದ್ದಿ ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವಳು ಬಾಯಿಯ ಹತ್ತಿರ ಬಂದದ್ದನ್ನು ತಾನೇ ಕೆಳಗಿಟ್ಟಳು. ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಅವಳ ಮೇಲೆ ಉಕ್ಕುವಷ್ಟು ಪ್ರೀತಿಯೂ ಬಂತು.

ಆಮೇಲೆ ಅವಳು ತೋರ್ಸ್ಟೆನ್‌ನನ್ನು ಕೂರಿಸಿ ಎಲ್ಲ ವಿವರಿಸಿದಳು. ನಗಿಸಿದವರು ಊಟ ಹಾಕಬೇಕು. ಅವನು ನಾಡಿದ್ದು ಹೋಗುವವನಾದ್ದರಿಂದ ನಾಳೆ ಮಧ್ಯಾಹ್ನವೇ ಆಗಬೇಕು. "ನಿಮ್ಮ ಬಿಸಿಲುಕೋಲಿನ ಹೊತ್ತೂ ಅದೇ ಸರ್. ನೀವು ಹೊರಗಿನವರು, ನಿಮಗೆ ಇದು ಕಟ್ಟುಪಾಡಲ್ಲ. ಕೊರಕಲಿಗೆ ಹೋದ್ರೆ ಯಾರೂ ತಪ್ಪು ತಿಳಿಯಲ್ಲ. ನಿಮ್ಮ ಬದಲು ಮನೆಯವರು ಯಾರಾದ್ರೂ ನಿಲ್ತಾರೆ."

ಮನೆಯವರು ಯಾರಾದರೂ ಎಂದರೆ ಅವಳೇ. ಅದನ್ನು ಅವಳು ಹೇಳಲಿಲ್ಲ. ನಾನು ಮನಸ್ಸಿನಲ್ಲೇ ಆ ಸ್ವೀಡನ್ನಿನವನನ್ನು ಕೊರಕಲಿಗೆ ತಳ್ಳುತ್ತಿದ್ದೆ.

ತಿಂಗಳುಗಟ್ಟಲೆ ಕೊರಕಲು ಆರಿಸಲಾಗದೆ ಒದ್ದಾಡಿದ ಮನುಷ್ಯ ಒಂದು ಉಸಿರೂ ತಡಮಾಡಲಿಲ್ಲ. "ಊಟಕ್ಕೆ ಬರ್ತೀನಿ," ಅಂದ. ಆಮೇಲೆ ಶುರುವಾಯಿತು. ಎಷ್ಟು ಜನ ಬರ್ತಾರೆ? ಉಪ್ಪು ಹರಳೋ ಪುಡಿಯೋ? ಕೂಸಿನ ಬಲಗೈ ಹಿಡಿಯಬೇಕೋ ಎಡಗೈಯೋ? ಮಧ್ಯದಲ್ಲಿ ಅತ್ತರೆ? ಫೋಟೋ ತೆಗೆಯಬಹುದೋ?

"ಫೋಟೋ ಬೇಡ," ಅಂದಳು ವರ್ನೀಟಾ.

"ಸರಿ," ಅಂದ.

ಮರುದಿನ ಬೆಸ್ಸಿ ಅತ್ತೆಯ ಮನೆಯ ಮುಂದೆ ಕುರಿಯ ಮಾಂಸ ಬೆಂದಿತು, ಎಣ್ಣೆಯಲ್ಲಿ ಕರಿದ ರೊಟ್ಟಿ ಗುಡ್ಡೆ ಬಿತ್ತು. ಕುರಿಯ ದುಡ್ಡು, ಮಕ್ಕಳಿಗೆ ಹಂಚಿದ ಮಿಠಾಯಿ ಎಲ್ಲ ತೋರ್ಸ್ಟೆನ್‌ದೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆವರುತ್ತ, ರೇಲಿನ್‌ಳ ಪಕ್ಕದಲ್ಲಿ ಕೂಸಿನ ಬಲಗೈ ಹಿಡಿದು ಕೂತಿದ್ದ. ನಾವೆಲ್ಲ ಸಾಲಾಗಿ ಹೋಗಿ ಆ ಪುಟ್ಟ ಕೈಯಿಂದ ಉಪ್ಪು ಇಸಿದುಕೊಂಡು ಬಾಯಿಗೆ ಹಾಕಿಕೊಂಡೆವು. ಅತ್ತ ಕೊರಕಲಿನಲ್ಲಿ ಬಿಸಿಲುಕೋಲು ಆ ಹೊತ್ತಿಗೆ ಇಳಿದಿರಬೇಕು. ಅವನು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಅಂಥವನ ಮೇಲೆ ಎಷ್ಟು ಹೊತ್ತು ಸಿಟ್ಟಿಟ್ಟುಕೊಳ್ಳಲು ಆಗುತ್ತದೆ?

ವರ್ನೀಟಾ ಮಾತ್ರ ಸಾಲಿಗೆ ಬರಲಿಲ್ಲ. ಒಲೆಯ ಮುಂದೆ ಬೆನ್ನು ಹಾಕಿ ರೊಟ್ಟಿ ತಟ್ಟುತ್ತಲೇ ಇದ್ದಳು. ತಿನ್ನುವವರಿಗಿಂತ ರೊಟ್ಟಿಯೇ ಜಾಸ್ತಿಯಾಗಿತ್ತು.

"ಚಿಕ್ಕಮ್ಮಾ, ಬಾ ಇಲ್ಲಿ," ಎಂದು ರೇಲಿನ್ ಕೂಗಿದಳು.

"ಹಿಟ್ಟಾಗಿದೆ ಕೈಯೆಲ್ಲ. ಆಮೇಲೆ."

"ಈಗ ಬಾ ಅಂದೆ."

ಬಂದಳು. ಕೂಸಿನ ಮುಂದೆ ಕೂತಳು, ಆದರೆ ಕೈ ಚಾಚಲಿಲ್ಲ.

"ನನ್ನನ್ನ ಮೊದಲು ನಗಿಸಿದ್ದು ಯಾರು?" ಎಂದು ರೇಲಿನ್ ಕೇಳಿದಳು.

ಬೆಸ್ಸಿ ಅತ್ತೆ ಹಿಂದಿನಿಂದ ಉತ್ತರಿಸಿದಳು. "ವ್ಯಾಕ್ಯೂಮ್ ಮೆಷಿನ್ ಮಾರೋಕೆ ಬಂದಿದ್ದ ಒಬ್ಬ ಬಿಳಿಯ. ನಮ್ಮದು ಮಣ್ಣಿನ ನೆಲ, ಅದರ ಮೇಲೇ ಮೆಷಿನ್ ಎಳೆದು ತೋರಿಸ್ತಿದ್ದ."

ಎಲ್ಲರೂ ನಕ್ಕರು. ರೇಲಿನ್ ನಗಲಿಲ್ಲ. "ಹಾಗಾದ್ರೆ ನಾನು ಬಾಗಿಲು ಬಾಗಿಲಿಗೆ ಹೋಗಿ ಸುಳ್ಳು ಹೇಳಿ ಸಾಮಾನು ಮಾರ್ಬೇಕಿತ್ತಲ್ಲ? ನಿನ್ನೆ ಅಂಗಡೀಲಿ ಒಬ್ಬರಿಗೆ, ಆ ಕಲ್ಲಂಗಡಿ ಬೇಡ, ಒಳಗೆ ಬಿಳಿ ಇದೆ ಅಂದೆ. ಮ್ಯಾನೇಜರು ಬೈದ. ಪಕ್ಕದಲ್ಲಿದ್ದ ಹುಡುಗಿ, ನೀನು ಕಿಟಕಿ ವರ್ನೀಟಾ ಮಗಳಾ ಅಂತ ಕೇಳಿದ್ಳು. ಹೌದು ಅಂದೆ."

ವರ್ನೀಟಾ ಬೆರಳಿಗಂಟಿದ ಹಿಟ್ಟು ಕೀಳುತ್ತಿದ್ದಳು. ರೇಲಿನ್ ಬಿಡಲಿಲ್ಲ.

"ಮನೇಲಿ ಅಜ್ಜಿ ಇದ್ದಾಳೆ. ನೆರಳಿದೆ, ಫ್ಯಾನಿದೆ. ಆ ಧೂಳಿನ ಶೆಡ್ಡಲ್ಲಿ ದಿನಾ ನನ್ನ ಕೂಸನ್ನ ನಿನ್ನ ಪಕ್ಕ ಇಟ್ಟು ಹೋಗ್ತೀನಲ್ಲ, ಯಾಕೆ ಅಂದ್ಕೊಂಡಿದ್ದೆ? ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತಾನಾ? ಅವಳಿಗೆ ನಿನ್ನ ಗುಣ ಬರ್ಲಿ ಅಂತ."

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುವ ಮಾತನ್ನು ನಾವೆಲ್ಲ ಎಷ್ಟು ಸುಲಭವಾಗಿ ಆಡುತ್ತೇವೆ. ಅವತ್ತು ಅದನ್ನು ಕಣ್ಣಾರೆ ಕಂಡೆ. ವರ್ನೀಟಾ ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಚಾಚಿದಳು. ತೋರ್ಸ್ಟೆನ್ ಕೂಸಿನ ಕೈಯನ್ನು ಮೆಲ್ಲಗೆ ಬಗ್ಗಿಸಿದ. ಹರಳು ಬಿತ್ತು. ಅದನ್ನು ಬಾಯಿಗಿಟ್ಟುಕೊಂಡು ಅವಳು ಎಲ್ಲರೆದುರೇ, ಕಣ್ಣು ಕೂಡ ಒರೆಸಿಕೊಳ್ಳದೆ ಅತ್ತಳು.

ಆಮೇಲೆ ಮೂಗು ಎಳೆದುಕೊಂಡು, "ಕೊಡಿ ಸರ್ ಇಲ್ಲಿ, ನಿಮಗೆ ಎತ್ಕೊಳ್ಳೋಕೆ ಬರಲ್ಲ," ಎಂದು ಕೂಸನ್ನು ಎದೆಗೆ ತೆಗೆದುಕೊಂಡಳು.