ಇಪ್ಪತ್ತೆಂಟು ದಿನದ ಆಷಾಢ

ಮುಚ್ಚಳ ಹಾಕು ಅಂತ ರೇಗಿಬಿಟ್ಟೆ. ಆಫೀಸಿನಲ್ಲಿ ಪಕ್ಕದ ಮೇಜಿನವನು ವೈಟ್ನರ್ ತೆರೆದು ಚೀಟಿಗೆ ಹಚ್ಚುತ್ತಿದ್ದ. ಅವನ ತಪ್ಪೇನಿಲ್ಲ. ಆ ವಾಸನೆ ಬಂದರೆ ಈಗಲೂ ಕೆಳಗಿನ ಮನೆ ಆಂಟಿ ಕಣ್ಣ ಮುಂದೆ ಬರುತ್ತಾರೆ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮದು ಮೇಲಿನ ಫ್ಲಾಟು, ಅವರದು ಕೆಳಗಿನದು. ಧಾರವಾಡದವರು, ಒಬ್ಬರೇ ಇದ್ದರು. ವಕೀಲರ ಆಫೀಸಿನಲ್ಲಿ ಟೈಪಿಸ್ಟು. ನನ್ನ ಅಣ್ಣ ಏರ್‌ಪೋರ್ಟಿನ ಗೋದಾಮಿನಲ್ಲಿದ್ದ. ಪಾರ್ಸೆಲ್‌ಗಳು ಕಳುವಾದವು. ಗೋದಾಮಿನ ರಿಜಿಸ್ಟರಿನಲ್ಲಿ ಅಣ್ಣನ ಹೆಸರಿನ ಸಹಿ ಇದೆ ಅಂತ ಜ್ಯೂರಿ ಅವನನ್ನೇ ಕಳ್ಳ ಎಂದಿತು. ಅವತ್ತೇ ನಾಲ್ಕು ವರ್ಷ ಜೈಲು. ಅಪೀಲಿಗೆ ಇಪ್ಪತ್ತೆಂಟು ದಿನ ಗಡುವು. ಕೇಸು ನಡೆಸಿದ ಲಾಯರು, ಅಪೀಲಿಗೆ ಆಧಾರವಿಲ್ಲ ಎಂದು ಒಂದು ಹಾಳೆ ಬರೆದು ಕೈ ತೊಳೆದುಕೊಂಡ.

ಆಂಟಿ ಅದನ್ನು ಓದಿ ನಕ್ಕರು. “ಸೋತಾಂವಗ ನಿನ್ನ ತಪ್ಪು ನೀನ ಹುಡುಕಪಾ ಅಂದ್ರ ಹುಡುಕ್ತಾನೇನು? ಬ್ಯಾರೆಯವರನ್ನ ನೋಡೂಣು.”

ಅಮ್ಮ ಒಪ್ಪಲಿಲ್ಲ. ತೀರ್ಪಿನ ದಿನವೇ ಆಷಾಢ ಹಿಡಿದಿತ್ತು. “ಆಷಾಢದಲ್ಲಿ ಹೊಸ ಲಾಯರ್ ಬೇಡ ಕಣೋ. ಶ್ರಾವಣ ಬರಲಿ.” ಜೈಲಿನಲ್ಲಿ ಅಣ್ಣನೂ ಅದೇ ಹಟ. “ಅಮ್ಮ ಹೂಂ ಅನ್ನದೆ ನಾನು ಸೈನ್ ಹಾಕಲ್ಲ.” ಕ್ಯಾಲೆಂಡರ್ ನೋಡಿದರೆ ಶ್ರಾವಣಕ್ಕೆ ಮೊದಲೇ ಗಡುವು ಮುಗಿಯುತ್ತಿತ್ತು.

ಆಂಟಿ ಅಮ್ಮನಿಗೆ ಹೇಳದೆ ನನ್ನನ್ನು ಕರೆದುಕೊಂಡು ಹೊರಟರು. ಮೊದಲನೆಯ ಲಾಯರು ಕಾಗದ ಮುಟ್ಟದೆಯೇ, ಖಂಡಿತ ಬಿಡಿಸುತ್ತೇನೆ ಎಂದ. ನನಗೆ ಜೀವ ಬಂದ ಹಾಗಾಯಿತು. ಆಂಟಿ ಬ್ಯಾಗು ಎತ್ತಿಕೊಂಡು ಎದ್ದೇಬಿಟ್ಟರು. ಎರಡನೆಯವಳು ಸಣಕಲು ಹೆಂಗಸು, ಮುಖದಲ್ಲಿ ನಗುವೇ ಇಲ್ಲ. ಜಡ್ಜ್ ಕೊನೆಗೆ ಜ್ಯೂರಿಗೆ ಹೇಳಿದ್ದನ್ನೆಲ್ಲ ತರಿಸಿ ಓದಬೇಕು, ಆಸೆ ಕಡಿಮೆ ಇಟ್ಟುಕೊಳ್ಳಿ ಎಂದಳು. ಹೊರಗೆ ಬಂದು ಆಂಟಿ, “ಈಕೀನ ಬೇಕು” ಎಂದರು.

ಇಪ್ಪತ್ತೈದನೆಯ ದಿನ ಆಂಟಿಯೇ ಮೇಲೆ ಹತ್ತಿ ಬಂದು ಅಮ್ಮನ ಎದುರು ಕೂತರು.

“ನಿಮ್ಮ ಮಗನ್ನ ಒಳಗ ಹಾಕೋವಾಗ ಜಡ್ಜ್ ಆಷಾಢ ನೋಡಿದ್ನೇನ್ರೀ?”

ಅಮ್ಮ ನನ್ನ ಕಡೆ ತಿರುಗಿ, “ಅವನಿಗೆ ಹೇಳು, ಸೈನ್ ಹಾಕಲಿ” ಎಂದರು.

ಸಹಿ ತಂದೆವು. ಲಾಯರಮ್ಮ ಗೀಚಿಕೊಟ್ಟಿದ್ದನ್ನು ಆಂಟಿಯೇ ಟೈಪ್ ಮಾಡಿದರು. ಅವಸರಕ್ಕೆ ಅಕ್ಷರ ತಪ್ಪುತ್ತಿತ್ತು. ವೈಟ್ನರ್ ಹಚ್ಚುವರು, ಊದುವರು, ಮತ್ತೆ ಹೊಡೆಯುವರು. ಪಕ್ಕದಲ್ಲಿ ನಿಂತ ನನಗೆ ಆ ವಾಸನೆಗೆ ತಲೆ ಸುತ್ತುತ್ತಿತ್ತು. ಇಪ್ಪತ್ತೇಳನೆಯ ದಿನ ಕಾಗದ ಕೋರ್ಟಿಗೆ ಮುಟ್ಟಿತು.

“ಏನ ಆಗ್ಲಿ, ಮೊದಲ ನನಗ ಬಂದು ಹೇಳು” ಎಂದು ಆಂಟಿ ಅವತ್ತು ಹೇಳಿದ್ದರು.

ಹದಿನಾಲ್ಕು ತಿಂಗಳು ಕಾದೆವು. ಅಷ್ಟರಲ್ಲಿ ಆಂಟಿ ಹುಷಾರಿಲ್ಲದೆ ಲಂಡನ್ನಿನಲ್ಲೇ ದೂರದ ಎಜ್‌ವೇರ್‌ನ ತಂಗಿ ಮನೆಗೆ ಹೋಗಿದ್ದರು. ಕಳುವಿನ ದಿನ ಅಣ್ಣ ರಜೆಯಲ್ಲಿದ್ದ ಎಂದು ಸಾಕ್ಷ್ಯ ಬಂದಿದ್ದರೂ ಜಡ್ಜ್ ಅದನ್ನೇ ಜ್ಯೂರಿಗೆ ಹೇಳಿರಲಿಲ್ಲವಂತೆ. ಅಪೀಲು ಗೆದ್ದಿತು, ಅಣ್ಣ ಮನೆಗೆ ಬಂದ. ಒಂದು ದಿನವೂ ಬಂದು ವಿಚಾರಿಸದವರಿಗೆಲ್ಲ ಸ್ವೀಟು ಹಂಚಿದೆವು. ಆಂಟಿಗೆ ಫೋನಿನಲ್ಲಿ ಬೇಡ, ಭಾನುವಾರ ಎದುರಿಗೇ ಹೋಗಿ ಹೇಳೋಣ ಅಂದುಕೊಂಡೆ. ಎರಡು ಭಾನುವಾರ ಹಾಗೇ ಹೋಯಿತು... ಮೂರನೆಯ ಭಾನುವಾರ ಹೋದಾಗ ತಂಗಿ ಬಾಗಿಲು ತೆಗೆದರು. ಒಳಗೆ ಆಂಟಿಯ ಫೋಟೋಗೆ ಹಾರ ಹಾಕಿತ್ತು.

ಪಕ್ಕದವನು ಮುಚ್ಚಳ ಹಾಕಿದ. ವಾಸನೆ ಇನ್ನೂ ಇದೆ. ಆಂಟಿಗೆ ಮೊದಲು ಹೇಳಬೇಕಿತ್ತು, ಹೇಳಲಿಲ್ಲ. ಇಷ್ಟೇ, ಇನ್ನು ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ.